ರೇಷ್ಮೆ ರತ್ನಗಂಬಳಿ: ಕೊಳ್ಳುವ ಮುನ್ನ ಮಗುಚಿ ನೋಡಿ

ಹಳೆಯ ರೇಷ್ಮೆ ರತ್ನಗಂಬಳಿ ಮಾರುವ ಅಂಗಡಿಯಲ್ಲಿ ಮೊದಲು ಬಿಚ್ಚಿಕೊಳ್ಳುವುದು ಕಥೆ. ಯಾವುದೋ ಸಂಸ್ಥಾನದ ಅರಮನೆ, ನೂರಿಪ್ಪತ್ತು ವರ್ಷ, ಮೂರು ತಲೆಮಾರಿನ ನೇಕಾರರು, ನೇಯ್ದೂ ನೇಯ್ದೂ ಕಣ್ಣು ಕಳೆದುಕೊಂಡ ಅಜ್ಜ. ಕುಡಿಯಲು ಕಾಶ್ಮೀರಿ ಚಹಾ ಕೆಹ್ವಾ ಬರುತ್ತದೆ. ಹುಡುಗರಿಬ್ಬರು ಸುರುಳಿ ಹೊತ್ತು ತಂದು ಒಂದರ ಮೇಲೊಂದು ಸರ್ರನೆ ಹಾಸುತ್ತಾರೆ. ಕಥೆ ಕೇಳಲು ಚೆನ್ನಾಗಿರುತ್ತದೆ, ಕೇಳಿ. ಆದರೆ ಅದಕ್ಕೆ ದುಡ್ಡು ಕೊಡಬೇಡಿ. ನಿಮ್ಮ ಹಣ ಸಲ್ಲಬೇಕಾದದ್ದು ಮೂರು ಸಂಗತಿಗೆ ಮಾತ್ರ: ಗಂಟು ಕೈಯಲ್ಲಿ ಹಾಕಿದ್ದೇ, ಎಳೆ ರೇಷ್ಮೆಯದೇ, ಇನ್ನೆಷ್ಟು ವರ್ಷ ಬಾಳಿಕೆ ಬಂದೀತು. ಈ ಮೂರಕ್ಕೂ ಉತ್ತರ ರತ್ನಗಂಬಳಿಯಲ್ಲೇ ಸಿಗುತ್ತದೆ, ಬಹುಪಾಲು ಅದರ ಬೆನ್ನಿನಲ್ಲಿ.

ವಯಸ್ಸಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ವ್ಯಾಪಾರದಲ್ಲಿ ನೂರು ದಾಟಿದ್ದನ್ನು ಆ್ಯಂಟಿಕ್ ಎನ್ನುತ್ತಾರೆ, ಇಪ್ಪತ್ತು ಮೂವತ್ತರಿಂದ ನೂರು ವರ್ಷದೊಳಗಿನದು ವಿಂಟೇಜ್. ಇದು ರೂಢಿ ಅಷ್ಟೆ. ಕಾನೂನು ಬರುವುದು ನೂರರ ಗಡಿಯಲ್ಲಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಕಳೆದ ಕರಕುಶಲ ವಸ್ತು ಪುರಾವಸ್ತುವಾಗುತ್ತದೆ, ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಹಾಗಾಗಿ "ಇದು ನೂರಿಪ್ಪತ್ತು ವರ್ಷದ್ದು ಮೇಡಂ, ನಿಮ್ಮ ಮಗಳ ಅಮೆರಿಕದ ಮನೆಗೆ ನಾವೇ ಪಾರ್ಸೆಲ್ ಮಾಡಿಕೊಡ್ತೀವಿ" ಎನ್ನುವ ವ್ಯಾಪಾರಿ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ನಿಮ್ಮನ್ನು ಕಾನೂನಿನ ತಂಟೆಗೆ ಸಿಕ್ಕಿಸುತ್ತಿದ್ದಾನೆ. ಮನೆಬಳಕೆಗೆ ಕೊಳ್ಳುವವರಿಗೆ ನೂರು ವರ್ಷದ ಹಂಬಲ ಬೇಡ. ಮೂವತ್ತರಿಂದ ಅರವತ್ತು ವರ್ಷದ, ಹೆಚ್ಚು ತುಳಿಯದ, ನೆಟ್ಟಗಿರುವ ಕಾಶ್ಮೀರಿ ರತ್ನಗಂಬಳಿ ಸಿಕ್ಕರೆ ಅದೇ ಒಳ್ಳೆಯ ಖರೀದಿ.

ನಮ್ಮ ದೇಶದಲ್ಲಿ ಹಳೆಯ ರೇಷ್ಮೆ ರತ್ನಗಂಬಳಿ ಎಂದರೆ ಹೆಚ್ಚಾಗಿ ಕಾಶ್ಮೀರದ್ದೇ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಡಾಲ್ ಸರೋವರದ ದೋಣಿಮನೆಯಲ್ಲಿ ಮಧುಚಂದ್ರ ಮುಗಿಸಿ ಬಂದ ದಂಪತಿಗಳು, ಅಲ್ಲಿಗೆ ವರ್ಗವಾಗಿದ್ದ ಸೈನ್ಯದ ಅಧಿಕಾರಿಗಳು, ಬ್ಯಾಂಕಿನವರು ಕೊಂಡು ತಂದದ್ದು ಈಗ ಮಕ್ಕಳ ಕೈಯಿಂದ ಮಾರಾಟಕ್ಕೆ ಬರುತ್ತಿದೆ. ಬೆಂಗಳೂರಿನ ಎಚ್‌ಎಂಟಿಯ ಒಂದು ಗಡಿಯಾರ ಕಾರ್ಖಾನೆ ಶ್ರೀನಗರದ ಝೈನಾಕೋಟ್‌ನಲ್ಲಿತ್ತು. ಅಲ್ಲಿ ಕೆಲಸ ಮಾಡಿ ಬಂದವರ ನಡುಮನೆಯಲ್ಲಿ ಚಿನಾರ್ ಎಲೆಯ ರತ್ನಗಂಬಳಿ ಕಂಡರೆ ಅಚ್ಚರಿಪಡಬೇಕಿಲ್ಲ. ಇಂಥ ಮನೆಗಳಿಂದ ನೇರವಾಗಿ ಕೊಳ್ಳುವುದು ಎಷ್ಟೋ ವಾಸಿ. ಕಥೆ ಕಡಿಮೆ, ಕೆಲವೊಮ್ಮೆ ಅಂದಿನ ಬಿಲ್ಲೂ ಸಿಗುತ್ತದೆ.

ಕಾಶ್ಮೀರಕ್ಕೆ ಈ ಕಸುಬನ್ನು ತಂದವನು 15ನೇ ಶತಮಾನದ ಸುಲ್ತಾನ ಝೈನ್ ಉಲ್ ಆಬಿದೀನ್ ಎಂಬುದು ಅಲ್ಲಿನ ನಂಬಿಕೆ. ಪರ್ಷಿಯಾ, ಮಧ್ಯ ಏಷ್ಯಾದ ಕುಶಲಕರ್ಮಿಗಳನ್ನು ಕರೆಸಿ ನೆಲೆಗೊಳಿಸಿದನಂತೆ. ಇಂದಿಗೂ ಅಲ್ಲಿನ ಮಗ್ಗದ ಮುಂದೆ ಚಿತ್ರ ಇರುವುದಿಲ್ಲ, ತಾಲೀಮ್ ಎಂಬ ಸಂಕೇತಲಿಪಿಯ ಚೀಟಿ ಇರುತ್ತದೆ. ಯಾವ ಬಣ್ಣ, ಎಷ್ಟು ಗಂಟು ಎಂಬುದನ್ನು ಗೀಟು ಚುಕ್ಕಿಗಳಲ್ಲಿ ಬರೆದ ಆ ಚೀಟಿಯನ್ನು ಒಬ್ಬ ರಾಗವಾಗಿ ಓದಿದರೆ ಉಳಿದವರು ಗಂಟು ಹಾಕುತ್ತ ಹೋಗುತ್ತಾರೆ. ಹೂವು ಬಳ್ಳಿಗಳೆಲ್ಲ ಪರ್ಷಿಯಾದವು. ಗ್ರಾಹಕರು ಎಡವುವುದು ಇಲ್ಲೇ. "ಇದು ಕಾಶಾನ್" "ಇದು ತಬ್ರೀಜ್" ಎಂದು ಶ್ರೀನಗರದವರು ಹೇಳಿದಾಗ ಅವರ ಮಟ್ಟಿಗೆ ಅದು ವಿನ್ಯಾಸದ ಹೆಸರು. ಕೇಳಿದವರು ಇರಾನಿನಿಂದ ಬಂದದ್ದೆಂದು ತಿಳಿದು ಇರಾನಿನ ಬೆಲೆ ಕೊಟ್ಟು ಬರುತ್ತಾರೆ. "ವಿನ್ಯಾಸ ಯಾವುದು, ನೇಯ್ದದ್ದು ಎಲ್ಲಿ" ಎಂದು ಎರಡು ಪ್ರಶ್ನೆಯಾಗಿ ಬಿಡಿಸಿ ಕೇಳಿ. ಬಿಲ್ಲಿನಲ್ಲೂ ಹಾಗೆಯೇ ಬರೆಸಿ.

ಬೆನ್ನು ಹೇಳುವ ಲೆಕ್ಕ

ಮೂಲೆ ಹಿಡಿದು ಮಗುಚಿ. ಕೈಗಂಟಿನದಾದರೆ ಮುಂದೆ ಕಂಡ ಹೂವು ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು, ಬಣ್ಣ ಹಿಂದೆ ಇನ್ನೂ ಗಾಢವಾಗಿರಬೇಕು. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಗನ್ನಿನಿಂದ ಎಳೆ ತೂರಿಸಿ ಅಂಟು ಬಳಿದದ್ದು, ಗಂಟೇ ಇಲ್ಲ. ಅಲ್ಲಿಗೆ ಮಾತು ಮುಗಿಯಿತು. ತುದಿಯ ಕುಚ್ಚು ನೋಡಿ. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳೇ ಹೊರಗೆ ಇಳಿದು ಕುಚ್ಚಾಗಿರಬೇಕು. ಬೇರೆ ಕುಚ್ಚನ್ನು ತಂದು ಹೊಲಿದಿದ್ದರೆ ಯಂತ್ರದ್ದಿರಬಹುದು, ಅಥವಾ ನಿಜವಾದ ಹಳೆಯದಕ್ಕೆ ಕುಚ್ಚು ಸವೆದು ಹೋಗಿ ಹೊಸದು ಹಾಕಿಸಿರಬಹುದು. ಎರಡನೆಯದು ತಪ್ಪಲ್ಲ, ಬೆಲೆ ಇಳಿಸಲು ಕಾರಣ ಅಷ್ಟೆ. ಬೆನ್ನಿನ ಸಾಲುಗಳು ಗೀಟೆಳೆದಷ್ಟು ಒಂದೇ ಸಮ ಇದ್ದರೆ ಅನುಮಾನಪಡಿ. ಕೈಗೆಲಸದಲ್ಲಿ ಸಾಲು ಅಲ್ಲಲ್ಲಿ ಉಸಿರಾಡುತ್ತದೆ, ಒಂದು ಗಂಟು ದಪ್ಪ, ಪಕ್ಕದ್ದು ತುಸು ತೆಳು.

ಇನ್ನು ಎಣಿಕೆ. ಒಂದಿಂಚು ಅಡ್ಡಕ್ಕೆ ಎಷ್ಟು ಗಂಟು, ಒಂದಿಂಚು ಉದ್ದಕ್ಕೆ ಎಷ್ಟು ಎಂದು ಎಣಿಸಿ ಗುಣಿಸಿದರೆ ಚದರ ಇಂಚಿನ ಲೆಕ್ಕ. ಶ್ರೀನಗರದಲ್ಲಿ ಹದಿನೆಂಟು-ಹದಿನೆಂಟು ಎಂದರೆ 324. ಇಪ್ಪತ್ತು-ಇಪ್ಪತ್ತು 400, ಇಪ್ಪತ್ನಾಲ್ಕು-ಇಪ್ಪತ್ನಾಲ್ಕು 576, ಮೂವತ್ತು-ಮೂವತ್ತು 900. ನಾಲ್ಕಡಿ ಆರಡಿಯ 324ರ ರತ್ನಗಂಬಳಿಯಲ್ಲಿ 11 ಲಕ್ಷಕ್ಕೂ ಹೆಚ್ಚು ಗಂಟುಗಳಿರುತ್ತವೆ. ನುರಿತ ಕೈ ದಿನಕ್ಕೆ ಆರೇಳು ಸಾವಿರ ಗಂಟು ಹಾಕಿದರೂ ಒಬ್ಬರಿಗೆ ಆರು ತಿಂಗಳು ಹಿಡಿಯುವ ಕೆಲಸ. ಅಂಗಡಿಯವನು 900 ಎನ್ನುವುದು ಸುಲಭ, ಎಣಿಸಿದರೆ 324 ಬರುವುದೂ ಉಂಟು.

ಎಣಿಸುವಾಗ ಒಂದು ಸೂಕ್ಷ್ಮವಿದೆ. ಪ್ರತಿ ಗಂಟೂ ಎರಡು ಹಾಸಿನ ಎಳೆಗಳನ್ನು ಸುತ್ತಿರುತ್ತದೆ. ಆ ಎರಡೂ ಎಳೆ ಸಮತಟ್ಟಾಗಿದ್ದರೆ ಬೆನ್ನಿನಲ್ಲಿ ಒಂದು ಗಂಟು ಎರಡು ಉಬ್ಬಾಗಿ ಕಾಣುತ್ತದೆ. ಒಂದು ಎಳೆ ಒಳಗೆ ಅಡಗಿದ್ದರೆ ಒಂದೇ ಉಬ್ಬು. ಇದು ಗೊತ್ತಿಲ್ಲದವರು ಉಬ್ಬುಗಳನ್ನೆಲ್ಲ ಎಣಿಸಿ ಗಂಟಿನ ಸಂಖ್ಯೆಯನ್ನು ಇಮ್ಮಡಿ ಮಾಡಿಬಿಡುತ್ತಾರೆ. ಮಾರುವವರು ತಿದ್ದಲು ಹೋಗುವುದಿಲ್ಲ. ಉಪಾಯ ಸುಲಭ: ವಿನ್ಯಾಸದಲ್ಲಿ ಉದ್ದಕ್ಕೆ ಹೋಗುವ ಅತಿ ಸಣ್ಣ ಗೆರೆಯನ್ನು, ಹೂವಿನ ದೇಟನ್ನೋ ಅಂಚಿನ ಗೀಟನ್ನೋ, ಬೆನ್ನಿನಲ್ಲಿ ಹುಡುಕಿ. ಅದು ಸಾಮಾನ್ಯವಾಗಿ ಒಂದು ಗಂಟಿನ ಅಗಲ. ಅಲ್ಲಿ ಜೋಡಿ ಉಬ್ಬು ಕಂಡರೆ ಎರಡಕ್ಕೆ ಒಂದರಂತೆ ಎಣಿಸಿ.

ಗಂಟಿನ ಸಂಖ್ಯೆಯ ಮೋಹವೂ ಅತಿಯಾಗಬಾರದು. 900ರ ಕೆಟ್ಟ ವಿನ್ಯಾಸಕ್ಕಿಂತ 324ರ ಹದವಾದ ಬಣ್ಣದ್ದು ಮನೆಯಲ್ಲಿ ಚೆಂದ ಕಾಣುತ್ತದೆ. ಸಂಖ್ಯೆ ಬೇಕಾಗುವುದು ಬೆಲೆ ಹೋಲಿಸಲು.

ಎಳೆ ರೇಷ್ಮೆಯದೇ?

ಕನ್ನಡಿಗರಿಗೆ ಇಲ್ಲಿ ಆತ್ಮವಿಶ್ವಾಸ ಸ್ವಲ್ಪ ಜಾಸ್ತಿ. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರು ನಾವು, ಮೈಸೂರು ರೇಷ್ಮೆ ಸೀರೆಯನ್ನು ಕಣ್ಮುಚ್ಚಿ ಸವರಿ ಹೇಳುತ್ತೇವೆ. ಆದರೆ ಸೀರೆಯ ಜ್ಞಾನ ರತ್ನಗಂಬಳಿಗೆ ಆಗಿಬರುವುದಿಲ್ಲ. ಸೀರೆಯಲ್ಲಿ ರೇಷ್ಮೆ ಮಲಗಿರುತ್ತದೆ. ಇಲ್ಲಿ ಕತ್ತರಿಸಿದ ಎಳೆಗಳು ಎದ್ದು ನಿಂತಿರುತ್ತವೆ, ವ್ಯಾಪಾರಿಗಳು ಪೈಲ್ ಎನ್ನುತ್ತಾರೆ. ಹಾಗೆ ನಿಲ್ಲಿಸಿದಾಗ ವಿಸ್ಕೋಸ್ ರೇಷ್ಮೆಗಿಂತ ಹೆಚ್ಚು ಹೊಳೆಯುತ್ತದೆ, ಹೊಸದರಲ್ಲಿ ಅಷ್ಟೇ ನುಣುಪಾಗಿರುತ್ತದೆ. ಆರ್ಟ್ ಸಿಲ್ಕ್, ಬಂಬೂ ಸಿಲ್ಕ್, ಬನಾನಾ ಸಿಲ್ಕ್, ಸ್ಟೇಪಲ್ ಎಂದು ಹೆಸರು ಏನೇ ಇರಲಿ, ಯಾವುದೂ ಹುಳುವಿನ ರೇಷ್ಮೆಯಲ್ಲ. ಹೆಚ್ಚಿನವು ಮರದ ಅಥವಾ ಬಿದಿರಿನ ತಿರುಳಿನಿಂದ ಮಾಡಿದ ರೇಯಾನ್. ಒದ್ದೆಯಾದರೆ ಅದರ ಕಸುವು ಅರ್ಧಕ್ಕೆ ಇಳಿಯುತ್ತದೆ. ಒಂದೆರಡು ಸಲ ತೊಳೆಸಿದರೆ ಹಳದಿಗಟ್ಟಿ ಬರಲಿನಂತೆ ಒರಟಾಗುತ್ತದೆ.

ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಗುಳಿಗೆಯಾಗುತ್ತದೆ. ವಿಸ್ಕೋಸ್ ಮತ್ತು ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ತೊಂದರೆ ಏನೆಂದರೆ ಅಂಗಡಿಯವನು ಉತ್ಸಾಹದಿಂದ ಸುಟ್ಟು ತೋರಿಸುವುದು ಕುಚ್ಚಿನ ಎಳೆಯನ್ನು. ಕುಚ್ಚು ಹಾಸಿನದು. ಮೇಲೆ ನಿಂತ ಎಳೆ ಬೇರೆಯೇ ಇರಬಹುದು. ಕಾಶ್ಮೀರದ ಹಳೆಯ ರತ್ನಗಂಬಳಿಗಳಲ್ಲಿ ಹತ್ತಿಯ ಹಾಸಿನ ಮೇಲೆ ರೇಷ್ಮೆಯ ಗಂಟು ಹಾಕಿದವು ಬಹಳ. ಅವುಗಳ ಕುಚ್ಚು ಸುಟ್ಟರೆ ಹತ್ತಿಯೇ ಕಾಣುತ್ತದೆ, ಅದರಿಂದ ಮೋಸವೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ತದ್ವಿರುದ್ಧವಾಗಿ ರೇಷ್ಮೆ ಕುಚ್ಚು ಇಟ್ಟು ಮೇಲೆ ವಿಸ್ಕೋಸ್ ಕಟ್ಟಿದ ಸರಕೂ ಇದೆ. ಆದ್ದರಿಂದ ಪೈಲಿನಿಂದಲೇ, ಮೂರು ನಾಲ್ಕು ಬಣ್ಣಗಳಿಂದ, ಚಿಮುಟದಲ್ಲಿ ಒಂದೊಂದು ಚಿಟಿಕೆ ಎಳೆ ಕೇಳಿ ತೆಗೆದುಕೊಳ್ಳಿ. ಒಂದೇ ಬಣ್ಣ ಸಾಲದು, ಏಕೆಂದರೆ ಹೂವಿನ ಗೆರೆಗೆ ಮಾತ್ರ ರೇಷ್ಮೆ, ನೆಲಕ್ಕೆ ಉಣ್ಣೆ ಅಥವಾ ಸ್ಟೇಪಲ್ ಬಳಸುವುದೂ ಇದೆ.

ಬೆಂಕಿಗಿಂತ ನನಗೆ ನೆಚ್ಚಿನದು ಬ್ಲೀಚ್. ಮನೆಯಲ್ಲಿ ಬಿಳಿ ಬಟ್ಟೆಗೆ ಬಳಸುವ ಹೊಸ ಕ್ಲೋರಿನ್ ಬ್ಲೀಚನ್ನು ಸಣ್ಣ ಗಾಜಿನ ಲೋಟಕ್ಕೆ ಹಾಕಿ ಎಳೆಯ ಚೂರನ್ನು ಬಿಡಿ. ರೇಷ್ಮೆ ಮೆತ್ತಗಾಗಿ, ನಿಧಾನಕ್ಕೆ ಕರಗಿ ಮಾಯವಾಗುತ್ತದೆ. ವಿಸ್ಕೋಸ್ ಮತ್ತು ಹತ್ತಿ ಬಣ್ಣ ಕಳೆದುಕೊಂಡರೂ ಹಾಗೇ ಉಳಿಯುತ್ತವೆ. ಉಣ್ಣೆಯೂ ಕರಗುತ್ತದೆ, ಆದರೆ ಉಣ್ಣೆಗೂ ರೇಷ್ಮೆಗೂ ಇರುವ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಪರೀಕ್ಷೆ ಕಿತ್ತ ಎಳೆಯ ಮೇಲೆ ಮಾತ್ರ, ರತ್ನಗಂಬಳಿಯ ಹತ್ತಿರ ಬಾಟಲಿಯನ್ನು ಒಯ್ಯಲೇಬೇಡಿ.

ಹಣ ದೊಡ್ಡದಾಗಿದ್ದರೆ ಪ್ರಯೋಗಾಲಯಕ್ಕೆ ಕೊಡಿ. ಟ್ರಾಫಿಕ್ಕಿಗಾಗಿ ಇಡೀ ಬೆಂಗಳೂರು ಶಪಿಸುವ ಆ ಸಿಲ್ಕ್ ಬೋರ್ಡ್ ಸರ್ಕಲ್ಲಿಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯ ತಂತ್ರಜ್ಞಾನ ಸಂಸ್ಥೆ ಅಲ್ಲೇ ಇದೆ. ಎಳೆ ಯಾವುದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ಇಂಥ ಕಡೆ ದಿನನಿತ್ಯದ ಕೆಲಸ. ಶ್ರೀನಗರದಲ್ಲಿ ಭಾರತೀಯ ರತ್ನಗಂಬಳಿ ತಂತ್ರಜ್ಞಾನ ಸಂಸ್ಥೆ ಎಳೆಯನ್ನೂ ಗಂಟಿನ ಎಣಿಕೆಯನ್ನೂ ಪರೀಕ್ಷಿಸುತ್ತದೆ. ಕಾಶ್ಮೀರಿ ಕೈಗಂಟಿನ ರತ್ನಗಂಬಳಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2016ರಲ್ಲಿ, ಕ್ಯೂಆರ್ ಕೋಡ್ ಇರುವ ಚೀಟಿ ಬಂದದ್ದು 2022ರಲ್ಲಿ. ಹೊಸದನ್ನು ಕೊಳ್ಳುವವರು ಆ ಚೀಟಿಯನ್ನು ಕೇಳಲೇಬೇಕು. ಹಳೆಯದರಲ್ಲಿ ಅದು ಇರದಿರುವುದು ಸಹಜ. ಐವತ್ತು ವರ್ಷದ್ದೆಂದು ಹೇಳುವ ಸರಕಿನ ಬೆನ್ನಿಗೆ ಆ ಚೀಟಿ ಹೊಲಿದಿದ್ದರೆ ಸ್ಕ್ಯಾನ್ ಮಾಡಿ ಏನು ಬರೆದಿದೆ ಓದಿ.

ಎಷ್ಟು ಜೀವ ಉಳಿದಿದೆ

ಹಳೆಯದನ್ನು ಕೊಳ್ಳುವವರು ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ರೇಷ್ಮೆಯ ಪೈಲ್ ಹುಟ್ಟಾ ಗಿಡ್ಡ, ಕೆಲವೇ ಮಿಲಿಮೀಟರ್. ಸವೆಯಲು ಅದರಲ್ಲಿ ಬಂಡವಾಳವೇ ಕಮ್ಮಿ.

ಜಯನಗರದ ಒಂದು ಮನೆಯಲ್ಲಿ ಮಾರಲು ಇಟ್ಟಿದ್ದ ಕಾಶ್ಮೀರಿ ರತ್ನಗಂಬಳಿಯೊಂದನ್ನು ನೋಡಿದ್ದೆ. ಕೆನೆಬಣ್ಣದ ನೆಲ, ತುಕ್ಕುಗೆಂಪಿನ ಅಂಚು, ನಡುವೆ ಹೂಕುಂಡದಿಂದ ಎದ್ದ ಜೀವವೃಕ್ಷ, ಕೊಂಬೆಗೊಂದು ಹಕ್ಕಿ. ಬಾಗಿಲಿಂದ ನೋಡಿದರೆ ಹೊಚ್ಚಹೊಸದು. ಬಗ್ಗಿ ನೋಡಿದಾಗ ಹಕ್ಕಿಗಳ ಸುತ್ತಲಿನ ಕಪ್ಪು ಗೆರೆ ಮಾತ್ರ ತಗ್ಗಾಗಿತ್ತು, ಯಾರೋ ಉಗುರಿನಲ್ಲಿ ಕೆರೆದು ತೆಗೆದ ಹಾಗೆ. ಹಳೆಯ ಕಪ್ಪು ಬಣ್ಣಗಳಲ್ಲಿ ಕಬ್ಬಿಣದ ಅಂಶವಿರುತ್ತದೆ, ಅದು ಕಾಲಕ್ರಮದಲ್ಲಿ ಎಳೆಯನ್ನೇ ತಿನ್ನುತ್ತದೆ. ಅದು ವಯಸ್ಸಿನ ಸುಕ್ಕು, ತಕರಾರಿಲ್ಲ. ಸೋಫಾದ ಕಾಲು ಕೂತಿದ್ದ ಕಡೆ ನಾಲ್ಕು ಗುಳಿ ಬಿದ್ದಿದ್ದವು, ಅವೂ ಎದ್ದು ಬರುವಂಥವು. ಒಂದು ಮೂಲೆಯನ್ನು ಮೆಲ್ಲಗೆ ಒಳಕ್ಕೆ ಮಡಿಸಿದಾಗ ಒಣ ಎಲೆ ಮುರಿದಂತೆ ಚಟಚಟ ಸದ್ದು ಬಂತು. ಕಿಟಕಿಯ ಪಕ್ಕ, ಕುಂಡದ ಕೆಳಗೆ ನೀರು ನಿಂತ ಜಾಗ ಅದು. ಹತ್ತಿಯ ಹಾಸು ಒಳಗೇ ಕೊಳೆತು, ಒಣಗಿ, ಗರಿಗರಿಯಾಗಿತ್ತು. ಮೇಲಿನ ರೇಷ್ಮೆ ಮಿಂಚುತ್ತಲೇ ಇತ್ತು!

ಆ ಸದ್ದು ಕೇಳಿದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಕುಚ್ಚು ಹೋದರೆ ಕಟ್ಟಬಹುದು, ಪಕ್ಕದ ಅಂಚು ಬಿಚ್ಚಿದರೆ ಸುತ್ತಬಹುದು, ಸಣ್ಣ ತೂತನ್ನು ರಫುಗಾರರು ಗಂಟುಗಂಟಾಗಿ ತುಂಬಿ ಗೊತ್ತೇ ಆಗದಂತೆ ಮಾಡುತ್ತಾರೆ. ಹಾಸು ಕೊಳೆತಿದ್ದಕ್ಕೆ ಮದ್ದಿಲ್ಲ. ಆಗುಂಬೆ, ಮಡಿಕೇರಿ, ಕರಾವಳಿಯ ಮನೆಗಳಿಂದ ಬರುವ ಸರಕನ್ನು ನಾಲ್ಕೂ ಮೂಲೆ ಮತ್ತು ನಡುವೆ ಮಡಿಸಿ ನೋಡಬೇಕು, ಮೂಸಿಯೂ ನೋಡಬೇಕು. ಬೂಷ್ಟಿನ ವಾಸನೆ ಸುಗಂಧದ್ರವ್ಯದಡಿಯಲ್ಲೂ ತಲೆಯೆತ್ತುತ್ತದೆ.

ಬೆಳಕಿಗೆ ಎತ್ತಿ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬಂದರೆ ಹುಳು ಹೊಡೆದಿದೆ. ನುಸಿಗೆ ಉಣ್ಣೆ ಪ್ರಿಯ, ರೇಷ್ಮೆಯನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ರತ್ನಗಂಬಳಿ ಜೀರುಂಡೆಗೆ ಆ ಭೇದವಿಲ್ಲ. ನೆಲದ ಮೇಲೆ ಹಾಸಿ ಓರೆಯಾಗಿ ನೋಡಿದಾಗ ಬಿಳಿ ಚುಕ್ಕಿಗಳು ಸಾಲಾಗಿ ಕಂಡರೆ ಪೈಲ್ ಸವೆದು ಹಾಸು ಇಣುಕುತ್ತಿದೆ ಎಂದರ್ಥ. ಕೆಲವು ಕಡೆ ಆ ಬಿಳಿಯನ್ನು ಮಾರ್ಕರ್ ಪೆನ್ನಿನಿಂದ, ಬಣ್ಣದ ಶಾಯಿಯಿಂದ ತುಂಬಿರುತ್ತಾರೆ. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ, ಹಿಂಡಿ, ಕೆಂಪು ಮತ್ತು ಕಡುನೀಲಿಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಮೊದಲ ಸಲ ತೊಳೆಸಿದಾಗಲೇ ಕೆಂಪು ಬಿಳಿಗೆ ಇಳಿಯುತ್ತದೆ.

ಹೊಸದನ್ನು ಹಳೆಯದಾಗಿ ಕಾಣಿಸುವ ಕಲೆಯೂ ಬೆಳೆದಿದೆ. ಚಹಾದ ನೀರು, ಕ್ಲೋರಿನ್ನು, ಬಿಸಿಲು, ರಸ್ತೆಯ ಮೇಲೆ ಹಾಸಿ ತುಳಿಸುವುದು. ಪೈಲನ್ನು ಬೆರಳಲ್ಲಿ ಬಿಡಿಸಿ ಬುಡದವರೆಗೆ ನೋಡಿ. ವರ್ಷಗಳ ಬೆಳಕಿನಲ್ಲಿ ಮಾಸಿದ ಬಣ್ಣ ತುದಿಯಿಂದ ಬುಡಕ್ಕೆ ಮೆಲ್ಲಮೆಲ್ಲಗೆ ಗಾಢವಾಗುತ್ತ ಹೋಗುತ್ತದೆ. ರಾಸಾಯನಿಕದಲ್ಲಿ ಅದ್ದಿದ್ದು ತುದಿಯಲ್ಲಿ ಥಟ್ಟನೆ ತೆಳುವಾಗಿ, ಒಳಗೆ ಒಂದೇ ಸಮ ಇರುತ್ತದೆ. ಕುಚ್ಚು ಬಿಳಿಯಾಗಿರದೆ ಪೂರ್ತಿ ಒಂದೇ ಬಗೆಯ ಕಂದುಬಣ್ಣಕ್ಕೆ ತಿರುಗಿದ್ದರೆ ಚಹಾ ನೆನಪಿಗೆ ಬರಲಿ.

ಟೇಪು ಹಿಡಿದು ಎರಡೂ ತುದಿಯಲ್ಲಿ ಮತ್ತು ನಡುವೆ ಅಗಲ ಅಳೆಯಿರಿ. ಒಂದೆರಡು ಇಂಚು ಹೆಚ್ಚುಕಮ್ಮಿ ಕೈಮಗ್ಗಕ್ಕೆ ಸಹಜ. ನಾಲ್ಕೂ ಕಡೆಯ ಅಂಚುಪಟ್ಟಿ ಒಂದೇ ಬಗೆಯಾಗಿದೆಯೇ ನೋಡಿ. ಒಂದು ಕಡೆ ಪಟ್ಟಿಯೇ ಇಲ್ಲವೆಂದರೆ ಹಾಳಾದ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ, ಬೆಲೆ ಬಹಳ ಇಳಿಯಬೇಕು. ಕೊನೆಗೆ ರತ್ನಗಂಬಳಿಯ ಎರಡೂ ತುದಿಗೆ ಹೋಗಿ ನಿಂತು ನೋಡಿ. ರೇಷ್ಮೆಯ ಎಳೆ ಒಂದೇ ದಿಕ್ಕಿಗೆ ಬಾಗಿರುವುದರಿಂದ ಒಂದು ಕಡೆಯಿಂದ ತಿಳಿ, ಇನ್ನೊಂದು ಕಡೆಯಿಂದ ಕಡು. ಅಂಗಡಿಯಲ್ಲಿ ಸದಾ ತಿಳಿಯ ಕಡೆಯನ್ನೇ ನಿಮಗೆ ತಿರುಗಿಸಿ ಹಾಸುತ್ತಾರೆ. ನಿಮ್ಮ ಮನೆಯ ಬಾಗಿಲಿಂದ ಯಾವುದು ಕಾಣಬೇಕೆಂದು ನೀವೇ ತೀರ್ಮಾನಿಸಿ.

ಪರದೇಶದ ಹೆಸರುಗಳು

ಗಲ್ಫಿನಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರ ಕಣ್ಣಿಗೆ ಬೀಳುವುದು ಇರಾನಿನ ಕುಮ್ ಮತ್ತು ತುರ್ಕಿಯ ಹೆರೆಕೆ. ಕುಮ್‌ನಲ್ಲಿ ರತ್ನಗಂಬಳಿಯ ಕೆಲಸ ಶುರುವಾದದ್ದೇ 1930ರ ದಶಕದಲ್ಲಿ. ನೂರೈವತ್ತು ವರ್ಷದ ಕುಮ್ ಎಂಬುದು ಇರಲು ಸಾಧ್ಯವಿಲ್ಲ. ಹೆರೆಕೆಯದು ಆಟೊಮನ್ ಸುಲ್ತಾನರ ಅರಮನೆಗಳಿಗಾಗಿ 19ನೇ ಶತಮಾನದಲ್ಲಿ ಹುಟ್ಟಿದ ಕಾರ್ಖಾನೆ. ಅಲ್ಲಿನ ಒಳ್ಳೆಯ ರೇಷ್ಮೆಯಲ್ಲಿ ಒಂದು ಸೆಂಟಿಮೀಟರಿಗೆ ಹತ್ತು ಗಂಟು, ಚದರ ಇಂಚಿಗೆ ಸುಮಾರು 645. ಎರಡರಲ್ಲೂ ನೇಯ್ದ ಸಹಿ ಇರುತ್ತದೆ, ಸಹಿಯನ್ನು ಯಾರು ಬೇಕಾದರೂ ನೇಯಬಹುದು. ಹೆರೆಕೆ ಸಹಿಯ ಎಷ್ಟೋ ರತ್ನಗಂಬಳಿಗಳು ಚೀನಾದಲ್ಲಿ ಹುಟ್ಟಿದವು. ಚೀನಾದವರ ಎಣಿಕೆಯೂ ಬೇರೆ, ಅವರು ಒಂದು ಅಡಿಗೆ ಎಷ್ಟು ಸಾಲು ಎಂದು ಲೆಕ್ಕ ಹಾಕುತ್ತಾರೆ. 300 ಲೈನ್ ಎಂದರೆ ಇಂಚಿಗೆ 25, ಚದರ ಇಂಚಿಗೆ 625. ಇರಾನಿನ ರಜ್ ಎಂಬುದು ಸುಮಾರು ಏಳು ಸೆಂಟಿಮೀಟರಿನಲ್ಲಿರುವ ಗಂಟುಗಳ ಸಂಖ್ಯೆ. ಯಾರು ಯಾವ ಸಂಖ್ಯೆ ಹೇಳಿದರೂ ನಿಮ್ಮ ಇಂಚುಪಟ್ಟಿ ಒಂದೇ.

ತುರ್ಕಿಯಲ್ಲಿ "ನಮ್ಮದು ಡಬಲ್ ನಾಟ್, ಇರಾನಿನದು ಸಿಂಗಲ್" ಎನ್ನುವ ಮಾತು ಕೇಳಿಬರುತ್ತದೆ. ಅವು ಎಳೆ ಸುತ್ತುವ ಎರಡು ವಿಧಾನ ಮಾತ್ರ, ಬಾಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಾಯ್ಸೇರಿ ಊರಿನ ಅಗ್ಗದ "ರೇಷ್ಮೆ" ಹಲವೊಮ್ಮೆ ಹೊಳಪು ಕೊಟ್ಟ ಹತ್ತಿ ಅಥವಾ ಕೃತಕ ರೇಷ್ಮೆ, ಅಲ್ಲಿನವರ ಮಾತಿನಲ್ಲಿ ಫ್ಲೋಶ್. ಅಮೆರಿಕದಲ್ಲಿರುವವರು ಇನ್ನೊಂದು ನೆನಪಿಡಬೇಕು. ಇರಾನಿನ ರತ್ನಗಂಬಳಿಯ ಆಮದನ್ನು ಆ ದೇಶ 1987ರಲ್ಲಿ ನಿಷೇಧಿಸಿತು, 2000ದಲ್ಲಿ ತೆರೆಯಿತು, 2010ರಲ್ಲಿ ಮುಚ್ಚಿತು, 2016ರಲ್ಲಿ ಮತ್ತೆ ತೆರೆದು 2018ರ ಆಗಸ್ಟಿನಲ್ಲಿ ಮತ್ತೆ ಮುಚ್ಚಿತು. ದುಬೈಯಲ್ಲಿ ಇಳಿದಾಗ ಒಂದು ಕುಮ್ ಕೊಂಡು ಮನೆಗೆ ಒಯ್ಯುವ ಯೋಚನೆಯಿದ್ದರೆ ಮೊದಲು ಅಂದಿನ ನಿಯಮ ವಿಚಾರಿಸಿ.

ಬೆಲೆ, ಬಿಲ್ಲು

ಹಳೆಯದಕ್ಕೆ ಇಂತಿಷ್ಟೇ ಎಂಬ ದರವಿಲ್ಲ, ಹಾಗಾಗಿ ಹೊಸದರಿಂದ ಶುರುಮಾಡಿ. ಅದೇ ಎಳೆ, ಅದೇ ಗಂಟಿನೆಣಿಕೆಯ ಹೊಸ ಕಾಶ್ಮೀರಿಗೆ ಚದರಡಿಗೆ ಏನು ಬೆಲೆ ಎಂದು ಸರ್ಕಾರಿ ಎಂಪೋರಿಯಂ ಸೇರಿ ಎರಡು ಮೂರು ಕಡೆ ಕೇಳಿಟ್ಟುಕೊಳ್ಳಿ. ಹಳೆಯದರ ದೋಷಗಳಿಗೆ ಅದರಿಂದ ಕಳೆಯುತ್ತ ಬನ್ನಿ. ಕುಚ್ಚು ಸವೆದದ್ದಕ್ಕೆ ಕೊಂಚ, ನಡುವೆ ಪೈಲ್ ತೆಳುವಾದದ್ದಕ್ಕೆ ಬಹಳ. ರಿಪೇರಿಗೆ ಎಷ್ಟಾದೀತೆಂದು ರಫುಗಾರರನ್ನು ಕೊಳ್ಳುವ ಮುನ್ನವೇ ಕೇಳಿ. ಬಣ್ಣ ಮತ್ತು ವಿನ್ಯಾಸ ಅಪರೂಪದ್ದಾಗಿ, ಸ್ಥಿತಿಯೂ ಚೆನ್ನಾಗಿದ್ದರೆ ಹೊಸದಕ್ಕಿಂತ ಹೆಚ್ಚು ಕೊಡಬೇಕಾದೀತು. "ಅಂಗಡಿ ಮುಚ್ಚುತ್ತಿದ್ದೇವೆ, ಶೇಕಡ 80 ರಿಯಾಯಿತಿ" ಎಂಬ ಫಲಕ ವರ್ಷಗಟ್ಟಲೆ ತೂಗುವುದನ್ನು ನೀವೂ ಕಂಡಿರಬಹುದು. ಪ್ರವಾಸದಲ್ಲಿ ಟ್ಯಾಕ್ಸಿಯವನು ತಾನಾಗಿ ಕರೆದೊಯ್ದ ಅಂಗಡಿಯಲ್ಲಿ ಅವನ ಕಮಿಷನ್ನೂ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮುಂಭಾಗದ ಚಿತ್ರಕ್ಕಿಂತ ಇವು ಬೇಕು: ಸ್ಕೇಲು ಇಟ್ಟು ತೆಗೆದ ಬೆನ್ನಿನ ಚಿತ್ರ, ನಾಲ್ಕು ಮೂಲೆ, ಪೈಲ್ ಬಿಡಿಸಿ ಬುಡ ತೋರಿಸುವ ಚಿತ್ರ, ಎರಡೂ ತುದಿಯಿಂದ ತೆಗೆದದ್ದು, ಮೂಲೆ ಮಡಿಸುವಾಗಿನ ಸದ್ದು ಕೇಳುವಂಥ ವಿಡಿಯೊ. ಇವನ್ನು ಕಳಿಸಲು ಹಿಂದೇಟು ಹಾಕುವವರಿಂದ ಕೊಳ್ಳದಿರುವುದೇ ಲೇಸು. ಬಿಲ್ಲಿನಲ್ಲಿ ಅಳತೆ, ಪೈಲ್ ಯಾವ ಎಳೆ, ಹಾಸು ಯಾವ ಎಳೆ, ಚದರ ಇಂಚಿನ ಗಂಟು, ನೇಯ್ದ ಜಾಗ, ಅಂದಾಜು ವಯಸ್ಸು ಬರೆಸಿ. "ಶುದ್ಧ ರೇಷ್ಮೆ" ಎಂಬ ಎರಡು ಪದ ಬಿಲ್ಲಿನಲ್ಲಿ ಬರೆಯಲು ಮಾತ್ರ ಕೈ ನಡುಗುವ ವ್ಯಾಪಾರಿಗಳಿದ್ದಾರೆ. ಒಂದು ವಾರ ಮನೆಯಲ್ಲಿ ಹಾಸಿ ನೋಡಿ, ಬೇಡವಾದರೆ ಮರಳಿಸುವ ಕರಾರನ್ನೂ ಕೇಳಿ. ಪಳಗಿದ ಅಂಗಡಿಯವರು ಇದಕ್ಕೆ ಒಪ್ಪುತ್ತಾರೆ.

ಇನ್ನೊಂದು ಮಾತು, ಬೆಲೆಗೆ ಸಂಬಂಧಿಸದ್ದು. ರತ್ನಗಂಬಳಿ ಮಗ್ಗಗಳಲ್ಲಿ ಮಕ್ಕಳ ದುಡಿಮೆಯ ವಿರುದ್ಧ ರಗ್‌ಮಾರ್ಕ್ ಗುರುತು ಬಂದದ್ದು 1994ರಲ್ಲಿ, ಈಗ ಅದರ ಹೆಸರು ಗುಡ್‌ವೀವ್. ಅದಕ್ಕೂ ಹಿಂದಿನ ಸರಕಿನಲ್ಲಿ ಯಾರ ಬೆರಳು ಆಡಿತ್ತೆಂದು ತಿಳಿಯುವ ದಾರಿಯಿಲ್ಲ. ಈ ಕಾರಣಕ್ಕೆ ಹೊಸದನ್ನೇ, ಗುರುತಿನ ಚೀಟಿಯಿರುವುದನ್ನೇ ಕೊಳ್ಳುತ್ತೇನೆ ಎನ್ನುವವರ ನಿಲುವಿಗೂ ತೂಕವಿದೆ.

ಮನೆಗೆ ತಂದ ಮೇಲೆ

ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ರೇಷ್ಮೆಗೆ ವರ. ದಿನಾ ಬೆಳಗ್ಗೆ ನೆಲ ಒರೆಸುವ ಪದ್ಧತಿ ಮಾತ್ರ ಶತ್ರು. ಒರೆಸುವವರು ರತ್ನಗಂಬಳಿಯ ಅಂಚಿಗೆ ತಾಗಿಸಿಯೇ ಮಾಪ್ ಎಳೆಯುತ್ತಾರೆ, ಕುಚ್ಚು ದಿನವೂ ಒದ್ದೆಯಾಗುತ್ತದೆ, ನಾಲ್ಕೈದು ವರ್ಷದಲ್ಲಿ ಅಂಚು ಕೊಳೆಯಲು ಶುರುವಾಗುತ್ತದೆ. ನೀರಿಗೆ ಬೆರೆಸುವ ದ್ರಾವಣದಲ್ಲಿ ಕ್ಲೋರಿನ್ ಇದ್ದರಂತೂ ಬ್ಲೀಚ್ ಪರೀಕ್ಷೆಯ ಲೋಟದಲ್ಲಿ ಕರಗಿದ ಎಳೆಯ ಗತಿಯೇ. ನೆಲ ಒರೆಸುವ ಮುನ್ನ ಸುತ್ತಿ ಎತ್ತಿಡಿ, ನೆಲ ಪೂರ್ತಿ ಒಣಗಿದ ಮೇಲೆ ಹಾಸಿ. ಅಷ್ಟು ಎತ್ತಿಡಲಾಗದ ದೊಡ್ಡದನ್ನು ಕೊಳ್ಳಲೇಬೇಡಿ. ನಾಲ್ಕಡಿ ಆರಡಿ ನಮ್ಮ ಮನೆಗಳಿಗೆ ಹದವಾದ ಅಳತೆ.

ಊಟದ ಮೇಜಿನ ಕೆಳಗೆ, ದೇವರ ಮನೆಯ ಮುಂದೆ, ಓಡಾಡುವ ದಾರಿಯಲ್ಲಿ ರೇಷ್ಮೆ ಬೇಡ. ಅರಿಶಿನದ ಕಲೆ ರೇಷ್ಮೆಗೆ ಬಣ್ಣ ಹಾಕಿದಷ್ಟೇ ಗಟ್ಟಿಯಾಗಿ ಕೂರುತ್ತದೆ, ದೀಪದೆಣ್ಣೆಯೂ ಅಷ್ಟೆ. ಅಲ್ಲಿಗೆ ನವಲಗುಂದದ ಜಮಖಾನ ಹಾಸಿ, ತೊಳೆದು ಒಣಗಿಸಿಕೊಂಡು ಬಳಸಬಹುದು. ದಿನವೂ ತುಳಿದಾಡಲು ಗಂಟಿನದೇ ಬೇಕೆಂದರೆ ಬೈಲುಕುಪ್ಪೆಯ ಟಿಬೆಟನ್ನರು ನೇಯುವ ಉಣ್ಣೆಯ ರತ್ನಗಂಬಳಿ ನೋಡಿ. ಸರಳಿಗೆ ಎಳೆ ಸುತ್ತಿ ಕತ್ತರಿಸುವ ಅವರ ಗಂಟಿನ ಬಗೆಯೇ ಬೇರೆ, ದಪ್ಪ, ಗಟ್ಟಿ. ರೇಷ್ಮೆಗೆ ಮಲಗುವ ಕೋಣೆ, ಓದುವ ಕುರ್ಚಿಯ ಪಕ್ಕ, ಅಥವಾ ಗೋಡೆ. ಗೋಡೆಗಾದರೆ ಮೊಳೆ ಹೊಡೆಯಬೇಡಿ. ಮೇಲಂಚಿನ ಹಿಂದೆ ಹತ್ತಿಬಟ್ಟೆಯ ಕೊಳವೆಯಂಥ ಪಟ್ಟಿ ಹೊಲಿಸಿ ಅದರೊಳಗೆ ಕೋಲು ತೂರಿಸಿ ತೂಗುಹಾಕಿ, ನೇರ ಬಿಸಿಲು ಬೀಳದ ಕಡೆ. ರೇಷ್ಮೆಗೆ ಬಿಸಿಲು ತಾಗಿದರೆ ಬಣ್ಣದ ಜೊತೆ ಕಸುವೂ ಹೋಗುತ್ತದೆ. ನೆಲದಲ್ಲಿದ್ದರೆ ಆರು ತಿಂಗಳಿಗೊಮ್ಮೆ ತಿರುಗಿಸಿ ಹಾಸಿ.

ವ್ಯಾಕ್ಯೂಮ್ ಕ್ಲೀನರಿನ ತಿರುಗುವ ಬ್ರಷ್ ತೆಗೆದಿಟ್ಟು, ಬರೀ ಹೀರುವ ಬಾಯಿಯಿಂದ, ಎಳೆ ಬಾಗಿದ ದಿಕ್ಕಿಗೇ ಎಳೆಯಿರಿ. ಕುಚ್ಚಿನ ಹತ್ತಿರ ಒಯ್ಯಬೇಡಿ. ಮಳೆಗಾಲಕ್ಕೆ ಎತ್ತಿಡುವುದಾದರೆ ಮಡಿಸಬಾರದು. ಪೆಟ್ಟಿಗೆಯಲ್ಲಿಟ್ಟ ಸೀರೆಯನ್ನು ವರ್ಷಕ್ಕೊಮ್ಮೆ ಬೇರೆ ಮಡಿಕೆ ಹಾಕದಿದ್ದರೆ ಮಡಿಕೆಯಲ್ಲೇ ಬಿರಿಯುವ ಹಾಗೆ ಇದೂ ಬಿರಿಯುತ್ತದೆ. ಎಳೆ ಬಾಗಿದ ದಿಕ್ಕಿಗೆ ಸುರುಳಿ ಸುತ್ತಿ, ಹಳೆಯ ಹತ್ತಿ ಪಂಚೆಯಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ಅಡ್ಡ ಮಲಗಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಳಗಿನ ತೇವ ಅಲ್ಲೇ ಬೂಷ್ಟಾಗುತ್ತದೆ. ಬಿಸಿಲು ಬಂದ ದಿನ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹಾಕಿ.

ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಬಿಳಿ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ. ಶನಿವಾರ ಅಪಾರ್ಟ್‌ಮೆಂಟಿಗೆ ಮೆಷಿನ್ ಹೊತ್ತು ಬಂದು ಸೋಫಾ, ಹಾಸಿಗೆ, ಕಾರ್ಪೆಟ್ಟು ಎಲ್ಲವನ್ನೂ ಒಂದೇ ಬಿಸಿನೀರು ಶಾಂಪೂವಿನಲ್ಲಿ ತೊಳೆಯುವವರಿಗೆ ಇದನ್ನು ಕೊಡಬೇಡಿ. ರೇಷ್ಮೆಯ ರತ್ನಗಂಬಳಿ ತೊಳೆದು ಅನುಭವವಿದೆ ಎನ್ನುವವರಿಗೂ ಮೊದಲು ಮೂರು ಪ್ರಶ್ನೆ ಕೇಳಿ: ಬಣ್ಣ ಬಿಡುತ್ತದೆಯೇ ಎಂದು ಹೇಗೆ ಪರೀಕ್ಷಿಸುತ್ತೀರಿ, ನೀರು ತಣ್ಣಗಿರುತ್ತದೆಯೋ ಬಿಸಿಯೋ, ಒಣಗಿಸುವುದು ನೆಲಕ್ಕೆ ಹಾಸಿಯೋ ತೂಗುಹಾಕಿಯೋ. ತಣ್ಣೀರು, ಚಪ್ಪಟೆಯಾಗಿ ಹಾಸಿ ನೆರಳಿನಲ್ಲಿ ಗಾಳಿಗೆ ಎಂದರೆ ಕೊಡಬಹುದು. "ಅದೆಲ್ಲ ನೀವ್ಯಾಕೆ ತಲೆ ಕೆಡಿಸ್ಕೋತೀರಾ ಸಾರ್" ಎಂದರೆ ವಾಪಸು ಹೊತ್ತುಕೊಂಡು ಬನ್ನಿ.